ಜಲಚರ ಅಂಗಳ: ಬೇಟೆಗಾರ ಮೀನುಗಳ ಜಗಳಕ್ಕೆ ಪರಿಹಾರವೇನು?

ಪ್ರಶ್ನೆ: ನಮ್ಮ ಮನೆಯಲ್ಲಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಯಿದೆ. ಅದರಲ್ಲಿ ಎರಡು ಆಸ್ಕರ್, ಒಂದು ಸಿಲ್ವರ್ ಅರೋವಾನಾ, ಒಂದು ರೆಡ್‌ಟೇಲ್ ಕ್ಯಾಟ್‌ಫಿಶ್ ಇವೆ. ಒಂದು ತಿಂಗಳಿಂದ ದೊಡ್ಡ ಆಸ್ಕರ್ ಚಿಕ್ಕದನ್ನು ಅಟ್ಟಾಡಿಸುತ್ತಿದೆ. ಚಿಕ್ಕದರ ಬಾಲ ಹರಿದಿದ್ದು, ಅದು ಫಿಲ್ಟರ್ ಪೈಪಿನ ಹಿಂದೆಯೇ ನಿಂತಿರುತ್ತದೆ. ಇನ್ನೂ ನಾಲ್ಕು ಮೀನು ಬಿಟ್ಟರೆ ಜಗಳ ಹಂಚಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ನವನಗರ, ಬಾಗಲಕೋಟೆ

ಉತ್ತರ: ದಯವಿಟ್ಟು ಹೊಸ ಮೀನು ಬಿಡಬೇಡಿ. ಮೀನು ಹೆಚ್ಚಾದಾಗ ಪೆಟ್ಟು ಹಂಚಿಹೋಗುವುದುಂಟು, ಆದರೆ ಆ ಉಪಾಯ ನಡೆಯುವುದು ಬಹಳ ದೊಡ್ಡ ತೊಟ್ಟಿಯಲ್ಲಿ, ಫಿಲ್ಟರ್ ಬಲವಾಗಿದ್ದಾಗ ಮಾತ್ರ. ನಿಮ್ಮ ತೊಟ್ಟಿ ಅಂಚಿನವರೆಗೆ ತುಂಬಿದರೂ ಸುಮಾರು 255 ಲೀಟರ್ ಹಿಡಿಯುತ್ತದೆ. ಒಂದು ಅಡಿಯಷ್ಟು ಬೆಳೆಯುವ ಆಸ್ಕರ್ ಒಂದಕ್ಕೇ ಅಷ್ಟು ನೀರು ಬೇಕು.

ಚಿಕ್ಕ ಆಸ್ಕರ್ ಅನ್ನು ಇಂದೇ ಬೇರ್ಪಡಿಸಿ. ಇನ್ನೊಂದು ತೊಟ್ಟಿ ಇಲ್ಲದಿದ್ದರೆ ರಂಧ್ರಗಳಿರುವ ಅಕ್ರಿಲಿಕ್ ಹಾಳೆಯನ್ನು ನಡುವೆ ಅಡ್ಡ ನಿಲ್ಲಿಸಿದರೂ ಸಾಕು. ಬಾಲದ ಗಾಯಕ್ಕೆ ಔಷಧಿಗಿಂತ ಮೊದಲು ಶುದ್ಧ ನೀರು ಬೇಕಾದ್ದರಿಂದ ವಾರಕ್ಕೆರಡು ಬಾರಿ ಕಾಲು ಭಾಗ ನೀರು ಬದಲಿಸಿ. ನಲ್ಲಿಯ ನೀರಾಗಿದ್ದರೆ ಕ್ಲೋರಿನ್ ಕಳೆದೇ ಹಾಕಿ. ಗಾಯ ಮಾಗಿದ ಮೇಲೆ ಕಲ್ಲು, ಮರದ ಬೊಡ್ಡೆಗಳನ್ನೆಲ್ಲ ತೆಗೆದು ಬೇರೆ ರೀತಿಯಲ್ಲಿ ಜೋಡಿಸಿ, ದೀಪ ಆರಿಸಿದ ನಂತರ ಎರಡನ್ನೂ ಒಟ್ಟಿಗೆ ಬಿಡಿ. ಆಸ್ಕರ್ ಒಂದು ಮೂಲೆಯನ್ನು ತನ್ನದೆಂದು ಹಿಡಿದುಕೊಂಡು ಕಾಯುವ ಮೀನು. ಗುರುತಿನ ಮೂಲೆಯೇ ಇಲ್ಲದಾಗ ಅದರ ಹಠ ಎಷ್ಟೋ ಇಳಿಯುತ್ತದೆ. ಆಮೇಲೂ ಅವು ಬಾಯಿಗೆ ಬಾಯಿ ಕಚ್ಚಿ ಎಳೆದಾಡುತ್ತಿದ್ದರೆ ಒಂದನ್ನು ಶಾಶ್ವತವಾಗಿ ಬೇರೆ ಇಡುವುದೇ ಸರಿ.

ನನಗೆ ಹೆಚ್ಚು ಚಿಂತೆಯಾಗಿರುವುದು ಕ್ಯಾಟ್‌ಫಿಶ್ ಬಗ್ಗೆ. ಅಂಗೈಯಗಲದ ಆ ಮರಿ ಮುಂದೆ ಮೂರು ಅಡಿ ದಾಟುತ್ತದೆ, ಮತ್ತು ತನ್ನ ಬಾಯಿಗೆ ಹಿಡಿಯುವುದನ್ನೆಲ್ಲ ನುಂಗುತ್ತದೆ. ಅದು ರಾತ್ರಿ ಹೊತ್ತು ತಿರುಗಾಡುವ ಮೀನಾದ್ದರಿಂದ ಮಲಗಿದ ಆಸ್ಕರ್ ಬೆಳಗಾಗುವಷ್ಟರಲ್ಲಿ ಕಾಣೆಯಾದರೆ ಆಶ್ಚರ್ಯವಿಲ್ಲ. ಅದು ಮನೆಯ ತೊಟ್ಟಿಯ ಮೀನೇ ಅಲ್ಲ, ಚಿಕ್ಕದಿರುವಾಗಲೇ ಮರಳಿಸಿ. ಅರೋವಾನಾ ಮೇಲ್ಭಾಗದಲ್ಲಿ, ಆಸ್ಕರ್ ನಡುವೆ ಮತ್ತು ತಳದ ಕಡೆ ಈಜುವುದರಿಂದ ಗಾತ್ರ ಸಮನಾಗಿದ್ದರೆ ಅವು ಹೊಂದಿಕೊಳ್ಳುತ್ತವೆ. ಆದರೆ ಎರಡೂವರೆ ಅಡಿ ಬೆಳೆಯುವ ಅರೋವಾನಾ ಒಂದೂವರೆ ಅಡಿ ಅಗಲದಲ್ಲಿ ಮೈ ತಿರುಗಿಸಲಾರದು. ಅದನ್ನು ಉಳಿಸಿಕೊಳ್ಳುವ ಆಸೆಯಿದ್ದರೆ ಕನಿಷ್ಠ ಎಂಟು ಅಡಿ ಉದ್ದ, ಮೂರು ಅಡಿ ಅಗಲದ ತೊಟ್ಟಿಗೆ ಈಗಲೇ ಜಾಗ ನೋಡಿ. ಭಾರವಾದ ಮುಚ್ಚಳವೂ ಇರಲಿ. ಫಿಲ್ಟರ್ ವೈರಿಗೆಂದು ಬಿಟ್ಟಿದ್ದ ಗೇಣಗಲದ ಸಂದಿನಿಂದ ನನ್ನ ಅರೋವಾನಾ ಹಾರಿ, ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲ ಬಳಿ ಒಣಗಿ ಬಿದ್ದಿದ್ದು ಇಂದಿಗೂ ಕಣ್ಣ ಮುಂದಿದೆ.

ಆಹಾರಕ್ಕೆ ಪೆಲೆಟ್ ಮತ್ತು ಸಿಪ್ಪೆ ಸುಲಿದ ಸಿಗಡಿ ಸಾಕು. ಜೀವಂತ ಗೋಲ್ಡ್‌ಫಿಶ್ ಹಾಕುವ ರೂಢಿಯನ್ನು ಬಿಡಿ. ಅದರಿಂದ ರೋಗ ಬರುವುದಲ್ಲದೆ, ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವವು ಬೇಟೆಗಾರ ಮೀನಿನ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ. ನಮ್ಮ ಬೇಸಿಗೆಯಲ್ಲಿ ನೀರು ಕಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವುದರಿಂದ, ಕರೆಂಟ್ ಹೋದಾಗ ನಡೆಯುವ ಬ್ಯಾಟರಿ ಏರ್ ಪಂಪ್ ಒಂದನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಪ್ರಶ್ನೆ: ಬೆರಳುದ್ದದ ‘ಮೊಸಳೆ ಮೀನು’ ಎಂದು ತಂದ ಅಲಿಗೇಟರ್ ಗಾರ್ ಈಗ ಎರಡು ಅಡಿಯಾಗಿದೆ. ಆಲಮಟ್ಟಿ ಹಿನ್ನೀರಿಗೆ ಬಿಡಬಹುದೇ?
– ಓದುಗರೊಬ್ಬರು, ನಿಡಗುಂದಿ, ವಿಜಯಪುರ ಜಿಲ್ಲೆ

ಉತ್ತರ: ಖಂಡಿತ ಬಿಡಬಾರದು. ಅಮೆರಿಕದ ಮಿಸಿಸಿಪ್ಪಿ ನದಿಯ ಈ ಮೀನು ಆರು ಅಡಿ ಮೀರಿ ಬೆಳೆಯುತ್ತದೆ. ಮೇಲೆ ಬಂದು ಗಾಳಿಯನ್ನೇ ನುಂಗಿ ಉಸಿರಾಡಬಲ್ಲದಾದ್ದರಿಂದ ಬೇಸಿಗೆಯಲ್ಲಿ ಇತರ ಮೀನುಗಳು ಒದ್ದಾಡುವ ನೀರಿನಲ್ಲಿಯೂ ಅದು ಬದುಕುತ್ತದೆ, ಮತ್ತು ಮೀನುಗಾರರು ಬಲೆ ಬೀಸಿ ಹೊಟ್ಟೆ ಹೊರೆಯುವ ಕಟ್ಲಾ, ರೋಹುಗಳ ಮರಿಗಳನ್ನು ತಿನ್ನುತ್ತದೆ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಇದೇ ಮೀನು ಸಿಕ್ಕಾಗ ಅಲ್ಲಿಯೂ ಇದೇ ಆತಂಕ ಎದ್ದಿತ್ತು. ತಂದ ಅಂಗಡಿಯವರನ್ನೋ, ದೊಡ್ಡ ಸಿಮೆಂಟ್ ಕೊಳವಿರುವ ಸಾಕಣೆದಾರರನ್ನೋ ಕೇಳಿ ಒಪ್ಪಿಸಿ. ಒಯ್ಯುವ ಹಿಂದಿನ ದಿನ ಆಹಾರ ಹಾಕಬೇಡಿ. ಅದರ ಗಡುಸು ಹುರುಪೆಗಳಿಗೂ ಹಲ್ಲಿಗೂ ಪ್ಲಾಸ್ಟಿಕ್ ಚೀಲ ಹರಿಯಬಹುದು. ಮುಚ್ಚಳವಿರುವ ಅಗಲವಾದ ಡ್ರಮ್ಮಿನಲ್ಲಿ ಅರ್ಧದಷ್ಟು ನೀರು ಹಾಕಿ, ಮುಚ್ಚಳಕ್ಕೆ ಗಾಳಿಯಾಡುವಂತೆ ತೂತು ಮಾಡಿ ಒಯ್ಯಿರಿ.