ಡಾಕ್ಟರ್ ಆಗಬೇಕೆನ್ನುವ ಮಗಳಿಗೆ ಯಾವ ಕಾಲೇಜು?

ಪ್ರಶ್ನೆ: ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಮೂಲ ಊರು ದಾವಣಗೆರೆ. ಮಗಳು ಈ ವರ್ಷ ಹೈಸ್ಕೂಲ್ ಮುಗಿಸುತ್ತಾಳೆ. ಡಾಕ್ಟರ್ ಆಗಬೇಕೆಂದು ಚಿಕ್ಕಂದಿನಿಂದ ಹಟ. ಎರಡು ಕಡೆ ಸೀಟು ಸಿಕ್ಕಿದೆ. ಒಂದು ಭಾರೀ ಹೆಸರಿನ ಖಾಸಗಿ ವಿಶ್ವವಿದ್ಯಾಲಯ. ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ 90,000 ಡಾಲರ್. ಇನ್ನೊಂದು ನಮ್ಮದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯ ರಟ್ಗರ್ಸ್. ಸ್ಕಾಲರ್‌ಶಿಪ್ ಕಳೆದರೆ ಅದರ ಮೂರನೇ ಒಂದು ಭಾಗದಲ್ಲಿ ಮುಗಿಯುತ್ತದೆ. 'ನಮ್ಮ ಪ್ರೀಮೆಡ್ (ಮೆಡಿಕಲ್‌ಗೆ ತಯಾರಾಗುವ) ಮಕ್ಕಳಲ್ಲಿ 90% ಮಂದಿಗೆ ಮೆಡಿಕಲ್ ಸೀಟು ಸಿಗುತ್ತದೆ' ಅಂತ ಖಾಸಗಿಯವರು ಹೇಳುತ್ತಾರೆ. ನಮ್ಮ ಯಜಮಾನರಿಗೆ ಅದೇ ಆಗಬೇಕು, ಮನೆ ಮೇಲೆ ಸಾಲ ತೆಗೆಯೋಣ ಅಂತಾರೆ. ಮೇ 1ರೊಳಗೆ ಹೇಳಬೇಕು.

ಉತ್ತರ: ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಆ 90% ಎಲ್ಲಿಂದ ಬಂತು ಅಂತ ಕೇಳಿ.

ನೀಟ್ ರಿಸಲ್ಟ್ ಬಂದ ಮೇಲೆ ನಮ್ಮೂರಿನ ಪೇಪರ್ ನೋಡಿದ್ದೀರಲ್ಲ? ಪುಟದ ತುಂಬ ಕೋಚಿಂಗ್ ಸೆಂಟರ್ ಜಾಹೀರಾತು, ರ‍್ಯಾಂಕ್ ಬಂದ ಮಕ್ಕಳ ಸಾಲು ಸಾಲು ಫೋಟೊ. ಒಟ್ಟು ಎಷ್ಟು ಮಕ್ಕಳು ಫೀಸು ಕಟ್ಟಿ ಸೇರಿದ್ದರು ಅನ್ನುವುದು ಮಾತ್ರ ಯಾವ ಮೂಲೆಯಲ್ಲೂ ಇರುವುದಿಲ್ಲ. ಇಲ್ಲಿಯ 90% ಕೂಡ ಎಷ್ಟೋ ಕಡೆ ಅದೇ ಜಾತಿಯದು. ಮೊದಲ ವರ್ಷ 400 ಮಕ್ಕಳು ಪ್ರೀಮೆಡ್ ಅಂತ ಹೊರಡುತ್ತಾರೆ ಎಂದಿಟ್ಟುಕೊಳ್ಳಿ. ಜನರಲ್ ಕೆಮಿಸ್ಟ್ರಿಯಲ್ಲಿ ಒಂದಷ್ಟು ಜನ ಉದುರುತ್ತಾರೆ, ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಇನ್ನಷ್ಟು. ಉಳಿದವರಿಗೆ ಕಾಲೇಜಿನ ಸಮಿತಿ ಒಂದು ಶಿಫಾರಸು ಪತ್ರ ಕೊಡಬೇಕು. ಕಮಿಟಿ ಲೆಟರ್ ಅಂತಾರೆ. ಅಂಕ ಕಡಿಮೆ ಇರುವವರಿಗೆ ಕೆಲವು ಕಾಲೇಜುಗಳು ಈ ಪತ್ರ ಕೊಡುವುದಿಲ್ಲ, ಇಲ್ಲವೇ 'ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ' ಎಂದು ಮೆತ್ತಗೆ ಸಾಗಹಾಕುತ್ತವೆ. ಕೊನೆಗೆ 100 ಜನ ಅರ್ಜಿ ಹಾಕಿ 90 ಜನಕ್ಕೆ ಸೀಟು ಸಿಕ್ಕಿತು ಅನ್ನಿ. ಹೇಳಿದ್ದು ಸುಳ್ಳಲ್ಲ, 90% ನಿಜ. ಆದರೆ ಹೊರಟ 400ರ ಲೆಕ್ಕದಲ್ಲಿ ಅದು ಕಾಲು ಭಾಗವೂ ಆಗಲಿಲ್ಲ, ಅಲ್ವಾ? ಇಡೀ ಅಮೆರಿಕದಲ್ಲಿ ವರ್ಷಕ್ಕೆ 50,000ಕ್ಕಿಂತ ಜಾಸ್ತಿ ಮಂದಿ ಎಂ.ಡಿ. (ಇಲ್ಲಿ ಡಾಕ್ಟರ್ ಆಗಲು ಓದುವ ಮೊದಲ ಮೆಡಿಕಲ್ ಡಿಗ್ರಿ) ಕಾಲೇಜುಗಳಿಗೆ ಅರ್ಜಿ ಹಾಕುತ್ತಾರೆ. ಸೇರುವವರು 23,000 ಆಸುಪಾಸು. ಹಾಗಾಗಿ 90% ಅಂದರೆ ನನಗೆ ಮೊದಲು ಬರುವ ಪ್ರಶ್ನೆ, ಜರಡಿ ಎಲ್ಲಿಟ್ಟಿದ್ದಾರೆ ಅನ್ನುವುದು.

ನಿಮ್ಮ ಯಜಮಾನರ ಯೋಚನೆಯೂ ಅರ್ಥವಾಗುತ್ತದೆ. ನಾವೆಲ್ಲ ಪಿಯುಸಿಯಲ್ಲಿ ಪಿಸಿಎಂಬಿ ಓದಿ, ಒಂದು ಪರೀಕ್ಷೆ ಬರೆದು, ರ‍್ಯಾಂಕ್ ಹಿಡಿದು ಕೌನ್ಸೆಲಿಂಗ್‌ಗೆ ನಿಂತವರು ಅಥವಾ ಹಾಗೆ ನಿಂತವರನ್ನು ನೋಡಿದವರು. ಅಲ್ಲಿ ಕಾಲೇಜು ಸಿಕ್ಕಿದರೆ ಡಾಕ್ಟರ್ ಆದ ಹಾಗೆಯೇ. ಇಲ್ಲಿ ಈಗ ಸಿಗುತ್ತಿರುವುದು ಡಿಗ್ರಿ ಕಾಲೇಜು ಅಷ್ಟೇ. ನಾಲ್ಕು ವರ್ಷ ಡಿಗ್ರಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್, ಅದರ ಮೇಲೆ ಕನಿಷ್ಠ ಮೂರು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ನಡುವೆ ಒಂದೆರಡು ವರ್ಷ ಬಿಟ್ಟು ಅರ್ಜಿ ಹಾಕುವವರೇ ಈಗ ಜಾಸ್ತಿ. ದಾರಿ ಇಷ್ಟು ಉದ್ದ ಇರುವಾಗ ಮೊದಲ ಸ್ಟಾಪಿನಲ್ಲೇ ಜೇಬು ಖಾಲಿ ಮಾಡಿಕೊಂಡರೆ ಹೇಗೆ?

ದುಡ್ಡಿನ ಲೆಕ್ಕ ಬಿಡಿಸಿಯೇ ಹೇಳುತ್ತೇನೆ. ವರ್ಷಕ್ಕೆ 90,000 ಅಂದರೆ ನಾಲ್ಕು ವರ್ಷಕ್ಕೆ 3,60,000 ಡಾಲರ್. ಅದಾದ ಮೇಲೆ ಮೆಡಿಕಲ್ ಓದಿಗೆ ಫೀಸು, ಬಾಡಿಗೆ ಎಲ್ಲ ಸೇರಿ ಖಾಸಗಿ ಕಾಲೇಜಾದರೆ 3 ಲಕ್ಷ ಡಾಲರ್ ದಾಟುವುದು ಮಾಮೂಲು. ಮೊದಲೆಲ್ಲ ಗ್ರ್ಯಾಡ್ ಪ್ಲಸ್ ಅಂತ ಸರ್ಕಾರಿ ಸಾಲವಿತ್ತು. ಖರ್ಚು ಎಷ್ಟಾದರೂ ಅಷ್ಟನ್ನೂ ಕೊಡುತ್ತಿದ್ದರು. 2025ರ ಜುಲೈನಲ್ಲಿ ಬಂದ ಕಾನೂನು ಅದನ್ನು ನಿಲ್ಲಿಸಿತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವ ಮೆಡಿಕಲ್ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50,000, ಒಟ್ಟು 2,00,000 ಡಾಲರ್‌ಗೆ ಸೀಮಿತ. ಮಿಕ್ಕಿದ್ದಕ್ಕೆ ಖಾಸಗಿ ಬ್ಯಾಂಕು, ಇಲ್ಲವೇ ಅಪ್ಪ-ಅಮ್ಮ. ಮನೆ ಮೇಲೆ ಸಾಲ ತೆಗೆಯುವುದೇ ಆದರೆ ಆ ಹೊತ್ತಿಗೆ ಇರಲಿ.

'ಎನ್‌ವೈಯುನಲ್ಲಿ (ನ್ಯೂಯಾರ್ಕ್ ಯೂನಿವರ್ಸಿಟಿ) ಮೆಡಿಕಲ್ ಫ್ರೀಯಂತಲ್ಲ' ಎಂದು ಯಾರಾದರೂ ಹೇಳಿಯಾರು. ಹೌದು, 2018ರಿಂದ ಅಲ್ಲಿ ಟ್ಯೂಷನ್ ಫೀಸಿಲ್ಲ. ಬ್ರಾಂಕ್ಸ್‌ನ ಐನ್‌ಸ್ಟೈನ್ ಕಾಲೇಜಿನಲ್ಲೂ 2024ರಿಂದ ಇಲ್ಲ. ಅಂಥ ಕಡೆ ಎಲ್ಲರೂ ಮುಗಿಬೀಳುತ್ತಾರೆ. ಸಿಕ್ಕರೆ ಪುಣ್ಯ, ಅದನ್ನೇ ನಂಬಿ ಮನೆ ಅಡವಿಡಬೇಡಿ.

ಇನ್ನು ಹೆಸರಿನ ವಿಷಯ. ದೊಡ್ಡ ಕಾಲೇಜಿನ ಹೆಸರಿಗೆ ಬೆಲೆಯೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಕೆಲವು ಮೆಡಿಕಲ್ ಕಾಲೇಜುಗಳು ನೋಡುತ್ತವೆ. ಆದರೆ ಅರ್ಜಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಎರಡು ಅಂಕಿ: ಜಿಪಿಎ (ಡಿಗ್ರಿ ಅಂಕಗಳ ಸರಾಸರಿ, 4ಕ್ಕೆ ಎಷ್ಟು ಅಂತ) ಮತ್ತು ಎಂಕ್ಯಾಟ್ (ಮೆಡಿಕಲ್ ಪ್ರವೇಶ ಪರೀಕ್ಷೆ). ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್ ಸೇರಿಸಿ ಸೈನ್ಸ್ ಜಿಪಿಎ ಅಂತ ಬೇರೆಯೇ ಲೆಕ್ಕ ತೆಗೆಯುತ್ತಾರೆ. ಸೀಟು ಸಿಕ್ಕಿ ಸೇರಿದವರ ಸರಾಸರಿ ಜಿಪಿಎ 3.8ರ ಹತ್ತಿರ. 472ರಿಂದ 528ರವರೆಗೆ ಅಂಕ ಕೊಡುವ ಎಂಕ್ಯಾಟ್‌ನಲ್ಲಿ ಅವರ ಸರಾಸರಿ 511–512. ಹೆಸರಾಂತ ಕಾಲೇಜಿನಲ್ಲಿ ಸಿಕ್ಕ 'ಬಿ'ಗೆ ಈ ಲೆಕ್ಕದಲ್ಲಿ ಯಾವ ರಿಯಾಯಿತಿಯೂ ಇಲ್ಲ, 'ಬಿ' ಅಂದರೆ 'ಬಿ'ಯೇ.

ನ್ಯೂ ಆರ್ಲಿಯನ್ಸ್‌ನಲ್ಲಿ ಕ್ಸೇವಿಯರ್ ಯೂನಿವರ್ಸಿಟಿ ಆಫ್ ಲೂಸಿಯಾನ ಅಂತ ಒಂದು ಸಣ್ಣ ಸಂಸ್ಥೆ ಇದೆ. ನಮ್ಮ ಕನ್ನಡ ಕೂಟದ ಪಾಟ್‌ಲಕ್‌ಗಳಲ್ಲಿ ಅದರ ಹೆಸರು ಕೇಳಿದ್ದು ನನಗೆ ನೆನಪಿಲ್ಲ. ಆದರೆ ಕಪ್ಪು ಜನಾಂಗದ ಪದವೀಧರರನ್ನು ಮೆಡಿಕಲ್‌ಗೆ ಕಳಿಸುವುದರಲ್ಲಿ ದಶಕಗಳಿಂದ ದೇಶದ ಮುಂಚೂಣಿಯಲ್ಲಿರುವ ಕಾಲೇಜು ಅದು. ಅಲ್ಲಿ ಮೊದಲ ವರ್ಷದಿಂದಲೇ ಬೆನ್ನು ಹತ್ತಿ ಓದಿಸುತ್ತಾರೆ, ಮಕ್ಕಳು ಗುಂಪಾಗಿ ಕೂತು ಓದುತ್ತಾರೆ. ಉದುರಿಸುವುದನ್ನೇ ಗುಣಮಟ್ಟ ಅಂದುಕೊಂಡ ಕಾಲೇಜಿಗೂ ಉಳಿಸಿಕೊಳ್ಳಲು ನೋಡುವ ಕಾಲೇಜಿಗೂ ಅಜಗಜಾಂತರ.

ಹಾಗಾಗಿ ಎರಡೂ ಕಡೆಗೆ ಮಗಳನ್ನು ಒಂದು ಸಲ ಕಳಿಸಿ. ನೀವು ಜೊತೆಗೆ ಹೋದರೂ ಕಾಫಿ ಕುಡಿಯುತ್ತಾ ದೂರ ಕೂತಿರಿ, ಅವಳೇ ಮಾತಾಡಲಿ. ಕಟ್ಟಡ ತೋರಿಸುವ ಗೈಡನ್ನು ಕೇಳಿ ಪ್ರಯೋಜನವಿಲ್ಲ. ಎರಡನೇ ವರ್ಷದ ಮಕ್ಕಳನ್ನು ಹಿಡಿದು ಆರ್ಗ್ಯಾನಿಕ್ ಕ್ಲಾಸಿನಲ್ಲಿ ಎಷ್ಟು ಜನ, ಡೌಟ್ ಬಂದರೆ ಯಾರ ಹತ್ತಿರ ಹೋಗುತ್ತೀರಿ ಅಂತ ಕೇಳಲಿ. ಪ್ರೀಮೆಡ್ ಬಿಟ್ಟವರು ಒಬ್ಬರಾದರೂ ಸಿಕ್ಕರೆ ಇನ್ನೂ ಒಳ್ಳೆಯದು. ಯಾಕೆ ಬಿಟ್ಟರು, ಬಿಟ್ಟ ಮೇಲೆ ಕಾಲೇಜು ಹೇಗೆ ನಡೆಸಿಕೊಂಡಿತು ಅನ್ನುವುದರಲ್ಲಿ ಬಹಳ ವಿಷಯ ಇರುತ್ತದೆ. ನಿಮ್ಮ ಮಗಳೂ ಹತ್ತೊಂಬತ್ತನೇ ವಯಸ್ಸಿಗೆ ಮನಸ್ಸು ಬದಲಾಯಿಸಬಹುದು. ಚಿಕ್ಕಂದಿನ ಹಟ ಅಂದಿದ್ದೀರಿ, ಹಟ ಯಾರದು ಅಂತಲೂ ಒಮ್ಮೆ ನೋಡಿಕೊಳ್ಳಿ. ಬೇಜಾರು ಮಾಡಿಕೊಳ್ಳಬೇಡಿ.

ರೋಗಿಗಳ ಜೊತೆ ಕಳೆದ ಸಮಯವನ್ನೂ ಮೆಡಿಕಲ್ ಕಾಲೇಜುಗಳು ಕೇಳುತ್ತವೆ. ಅಲ್ಲಿ ರಟ್ಗರ್ಸ್‌ಗೆ ಅನುಕೂಲವಿದೆ. ನ್ಯೂ ಬ್ರನ್ಸ್‌ವಿಕ್‌ನಲ್ಲಿ ದೊಡ್ಡ ಬೋಧನಾ ಆಸ್ಪತ್ರೆ ಊರೊಳಗೇ ಇದೆ. ವಾಲಂಟಿಯರ್ ಆಗಿ ಹೋಗಿಬರಲು ಕಾರೂ ಬೇಕಿಲ್ಲ. ರಾಜ್ಯದ ಮೆಡಿಕಲ್ ಕಾಲೇಜುಗಳು ಸ್ವಂತ ರಾಜ್ಯದ ಮಕ್ಕಳಿಗೆ ಒಲವು ತೋರುವುದೂ ನಿಮಗೆ ಲಾಭ. ಅದು ನಿಮ್ಮ ಮನೆ ವಿಳಾಸದಿಂದ ಬರುವ ಲಾಭ, ಡಿಗ್ರಿ ಎಲ್ಲಿ ಓದಿದರೂ ಇರುತ್ತದೆ.

ಖಾಸಗಿಯವರು ನೆರವು ಕೊಟ್ಟು ಖರ್ಚನ್ನು ರಟ್ಗರ್ಸ್ ಹತ್ತಿರಕ್ಕೆ ಇಳಿಸಿದರೆ ನನ್ನ ಮಾತು ಬೇರೆ. ಹಣಕಾಸು ಕಚೇರಿಗೆ ಇನ್ನೊಂದು ಸಲ ಬರೆದು ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ. ಈಗಿನ ಲೆಕ್ಕದಲ್ಲಿ ನನ್ನ ಮಗಳಾಗಿದ್ದರೆ ರಟ್ಗರ್ಸ್‌ಗೆ ಸೇರಿಸುತ್ತಿದ್ದೆ.

ಪ್ರಶ್ನೆ: ಟೆಕ್ಸಾಸ್‌ನ ಫ್ರಿಸ್ಕೋದಿಂದ ಬರೆಯುತ್ತಿದ್ದೇನೆ. ಮಗನಿಗೆ 17 ವರ್ಷ, ನಮ್ಮ ಕೆಲಸದ ವೀಸಾದ ಮೇಲೆ ಅವಲಂಬಿತರಿಗೆ ಸಿಗುವ ಎಚ್-4 ವೀಸಾ. ಗ್ರೀನ್ ಕಾರ್ಡ್ ಸಾಲು ಸದ್ಯಕ್ಕೆ ಕರಗುವ ಹಾಗಿಲ್ಲ. ಅವನು ಪ್ರೀಮೆಡ್ ಅನ್ನುತ್ತಿದ್ದಾನೆ. ಯಾವ ಕಾಲೇಜು ಒಳ್ಳೆಯದು?

ಉತ್ತರ: ನಿಮ್ಮ ಮನೆಯಲ್ಲಿ ಕಾಲೇಜಿಗಿಂತ ಮೊದಲು ವೀಸಾ ಪ್ರಶ್ನೆ ಬಗೆಹರಿಯಬೇಕು. 21 ತುಂಬಿದರೆ ಎಚ್-4 ಮುಗಿಯುತ್ತದೆ, ಹೆಚ್ಚಿನ ಮಕ್ಕಳು ಎಫ್-1 ಎಂಬ ವಿದ್ಯಾರ್ಥಿ ವೀಸಾಗೆ ಬದಲಾಗುತ್ತಾರೆ. ಅಂದರೆ ಡಿಗ್ರಿಯ ಮಧ್ಯದಲ್ಲೇ ಅವನು ವಿದೇಶಿ ವಿದ್ಯಾರ್ಥಿ. ಅಮೆರಿಕದ ಬಹಳಷ್ಟು ಮೆಡಿಕಲ್ ಕಾಲೇಜುಗಳು ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರನ್ನು ಬಿಟ್ಟು ಬೇರೆಯವರ ಅರ್ಜಿಯನ್ನೇ ನೋಡುವುದಿಲ್ಲ. ತೆಗೆದುಕೊಳ್ಳುವ ಕೆಲವು ಕಡೆ ವರ್ಷಗಟ್ಟಲೆಯ ಫೀಸನ್ನು ಮುಂಚಿತವಾಗಿ ಠೇವಣಿ ಇಡಿ ಅನ್ನುತ್ತಾರೆ. ಕೇಂದ್ರ ಸರ್ಕಾರದ ಸಾಲವಂತೂ ಸಿಗುವುದಿಲ್ಲ. ಹುಡುಗನಿಗೆ ಇದನ್ನು ಈಗಲೇ ಕೂರಿಸಿ ಹೇಳಿ. ಮೂರನೇ ವರ್ಷದಲ್ಲಿ ಗೊತ್ತಾಗಿ ಅತ್ತ ಮಕ್ಕಳನ್ನು ನೋಡಿದ್ದೇನೆ. ಅವನ ವಯಸ್ಸಿನ ಲೆಕ್ಕ ಹೇಗೆ ಬರುತ್ತದೆ ಅಂತ ಇಮಿಗ್ರೇಷನ್ ವಕೀಲರನ್ನೂ ಕೇಳಿ.

ಕಾಲೇಜು ಆರಿಸುವಾಗ, ಮೆಡಿಕಲ್ ಕೈಗೆಟುಕದಿದ್ದರೂ ಕೆಲಸ ಸಿಗುವಂಥ ಡಿಗ್ರಿ ಇರುವ, ಕಡಿಮೆ ಖರ್ಚಿನ ಟೆಕ್ಸಾಸ್ ಸರ್ಕಾರಿ ವಿಶ್ವವಿದ್ಯಾಲಯ ನೋಡಿ. ಪ್ರೀಮೆಡ್ ಅನ್ನುವುದು ಡಿಗ್ರಿಯ ಹೆಸರಲ್ಲ, ಒಂದಷ್ಟು ಕೋರ್ಸುಗಳ ಪಟ್ಟಿ. ಬಯೋಮೆಡಿಕಲ್ ಎಂಜಿನಿಯರಿಂಗ್ ಮಾಡಿಕೊಂಡೂ ಅದನ್ನು ಮುಗಿಸಬಹುದು. ಕಷ್ಟ, ಆದರೆ ಆಗುತ್ತದೆ. ಮುಂದೆ ಗ್ರೀನ್ ಕಾರ್ಡ್ ಬಂದರೆ ಟೆಕ್ಸಾಸ್ ಒಳ್ಳೆಯ ಜಾಗ. ಅಲ್ಲಿಯ ಸರ್ಕಾರಿ ಮೆಡಿಕಲ್ ಕಾಲೇಜುಗಳು ಹೊರರಾಜ್ಯದವರಿಗೆ 10%ಕ್ಕಿಂತ ಜಾಸ್ತಿ ಸೀಟು ಕೊಡುವ ಹಾಗಿಲ್ಲ.

ಇನ್ನೊಂದು ದಾರಿ ಊರು. ಅವನು ಭಾರತದ ಪ್ರಜೆಯೇ ಆಗಿದ್ದರೆ ಹನ್ನೆರಡನೇ ತರಗತಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇರುವ ಹಾಗೆ ನೋಡಿಕೊಂಡು ನೀಟ್ ಬರೆಯಬಹುದು. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಯುಎಸ್‌ಎಂಎಲ್‌ಇ (ಅಮೆರಿಕದ ವೈದ್ಯಕೀಯ ಲೈಸೆನ್ಸ್ ಪರೀಕ್ಷೆ) ಬರೆದು ರೆಸಿಡೆನ್ಸಿಗೆ ಇಲ್ಲಿಗೆ ಬರುವವರು ಎಷ್ಟೋ ಜನ ಇದ್ದಾರೆ. ಆದರೆ ಅಮೆರಿಕದ ಹೈಸ್ಕೂಲ್ ಪಾಠಕ್ಕೂ ನೀಟ್‌ಗೂ ಹೊಂದಿಕೆಯಿಲ್ಲ. ಒಂದು ವರ್ಷ ಅದಕ್ಕೇ ಮೀಸಲಿಡಬೇಕಾಗುತ್ತದೆ.

ಪ್ರಶ್ನೆ: ಮೆಡಿಕಲ್‌ಗೆ ಹೋಗಲು ಡಿಗ್ರಿಯಲ್ಲಿ ಬಯಾಲಜಿಯೇ ಓದಬೇಕಾ? ಮಗಳಿಗೆ ಇತಿಹಾಸ ಇಷ್ಟ. ಹೈಸ್ಕೂಲಿನ ಎಪಿ (ಕಾಲೇಜು ಮಟ್ಟದ ಕೋರ್ಸು) ಅಂಕ ಇದ್ದರೆ ಕೆಮಿಸ್ಟ್ರಿ ಬಿಡಬಹುದಾ? (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ಬೇಡ. ಇತಿಹಾಸವೇ ಓದಲಿ, ಜೊತೆಗೆ ಬೇಕಾದ ಸೈನ್ಸ್ ಕೋರ್ಸುಗಳನ್ನು ಮುಗಿಸಲಿ. ಇಷ್ಟದ ವಿಷಯದಲ್ಲಿ ಅಂಕವೂ ಚೆನ್ನಾಗಿ ಬರುತ್ತದೆ. ಎಪಿ ಅಂಕವನ್ನು ಡಿಗ್ರಿ ಕಾಲೇಜು ಒಪ್ಪಿದರೂ ಎಲ್ಲ ಮೆಡಿಕಲ್ ಕಾಲೇಜುಗಳು ಒಪ್ಪುವುದಿಲ್ಲ. ಕೆಲವು ಕಡೆ ಅದರ ಬದಲು ಮೇಲಿನ ಹಂತದ ಕೆಮಿಸ್ಟ್ರಿ ಮಾಡಿರಬೇಕು ಅನ್ನುತ್ತಾರೆ. ಜನರಲ್ ಕೆಮಿಸ್ಟ್ರಿಯನ್ನು ಕಾಲೇಜಿನಲ್ಲೇ ಮತ್ತೊಮ್ಮೆ ಓದಿ 'ಎ' ತೆಗೆದುಕೊಳ್ಳುವುದು ವಾಸಿ.