ಡಾಕರ್ ಹಾಕಿದ ಮೇಲೆ ವರ್ಚುವಲ್‌ಬಾಕ್ಸ್ ಕೆಟ್ಟಿದ್ದಕ್ಕೆ
ಡಾಕರ್ ಡೆಸ್ಕ್‌ಟಾಪ್ (ಅಪ್ಲಿಕೇಶನ್‌ಗಳನ್ನು ಕಂಟೇನರ್ ಎಂಬ ಪೊಟ್ಟಣಗಳಲ್ಲಿ ಓಡಿಸುವ ತಂತ್ರಾಂಶ) ಹಾಕಿದ ಮೇಲೆ ವಿಂಡೋಸ್‌ನಲ್ಲಿರುವ ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ಓಡಿಸುವ ತಂತ್ರಾಂಶ) ಉಬುಂಟು ಲಿನಕ್ಸ್ ಬೂಟ್ ಆಗುವಾಗಲೇ ನಿಲ್ಲುತ್ತಿದೆ ಎಂದಿದ್ದೀರಿ. ಉಬುಂಟುವನ್ನು ಅಳಿಸಿ ಮತ್ತೆ ಹಾಕಲು ಹೋಗಬೇಡಿ, ಬಹುಶಃ ಅದರ ತಪ್ಪೇನೂ ಇಲ್ಲ. ಡಾಕರ್ ತನಗೆ ಬೇಕಾದ ಡಬ್ಲ್ಯುಎಸ್‌ಎಲ್ 2ಕ್ಕಾಗಿ (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ವಿಂಡೋಸ್‌ನ ಹೈಪರ್‌ವೈಸರನ್ನು, ಅಂದರೆ ವರ್ಚುವಲ್ ಕಂಪ್ಯೂಟರುಗಳನ್ನು ನಡೆಸುವ ಪದರವನ್ನು, ಎಬ್ಬಿಸುತ್ತದೆ; ವರ್ಚುವಲ್ ಕಂಪ್ಯೂಟರುಗಳಿಗೆ ನೆರವಾಗುವ ಇಂಟೆಲ್ ಪ್ರೊಸೆಸರಿನ ವಿಟಿ-ಎಕ್ಸ್ ಸೌಲಭ್ಯ ಅದರ ವಶವಾಗುತ್ತದೆ. ವರ್ಚುವಲ್‌ಬಾಕ್ಸ್ 6.0ರಿಂದೀಚೆಗಿನದಾದರೆ ಆ ಹೈಪರ್‌ವೈಸರಿನ ಮೇಲೆಯೇ ಹೇಗೋ ಓಡಲು ನೋಡುತ್ತದೆ, ಕುಂಟುತ್ತದೆ. ಕಿಟಕಿಯ ಕೆಳಮೂಲೆಯಲ್ಲಿ ಹಸಿರು ಆಮೆಯ ಚಿತ್ರ ಕಂಡರೆ ಅದೇ ಗುರುತು. ಆ ಚಿತ್ರ ಇಟ್ಟವರ ಹಾಸ್ಯಪ್ರಜ್ಞೆಯನ್ನು ಮೆಚ್ಚಬೇಕು!

ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಬಿಸಿಡಿಎಡಿಟ್ (ವಿಂಡೋಸ್‌ನ ಬೂಟ್ ಸೆಟ್ಟಿಂಗ್ ಬದಲಿಸುವ ಕಮಾಂಡ್) ಮೂಲಕ ‘ಹೈಪರ್‌ವೈಸರ್‌ಲಾಂಚ್‌ಟೈಪ್’ ಅನ್ನು ‘ಆಫ್’ಗೆ ಬದಲಿಸಿ ರೀಸ್ಟಾರ್ಟ್ ಮಾಡಿ. ಆಗ ಡಾಕರ್ ಏಳುವುದಿಲ್ಲ; ಬೇಕಾದಾಗ ‘ಆಟೊ’ ಮಾಡಿಕೊಳ್ಳಿ. ಎರಡೂ ಒಟ್ಟಿಗೆ ಬೇಕೆಂದರೆ ಉಬುಂಟುವಿನ ಒಳಗೇ ಡಾಕರ್ ಹಾಕಿಕೊಳ್ಳಿ, ಈ ಜಗಳವೇ ಇರುವುದಿಲ್ಲ.