ಟಿಮರುವಿಗೆ ಹೊರಟಿರುವ ತಂಗಿಗೆ, ಇಲ್ಲಿನ ಹೊಳೆಗಳ ಬಗ್ಗೆ

ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ನೀನು ಎಂದೇ ಬರೆಯುತ್ತೇನೆ. ಶ್ರೀರಂಗಪಟ್ಟಣದವಳು, ನರ್ಸ್ ಕೆಲಸಕ್ಕೆ ಗಂಡ ಮತ್ತು ಇಬ್ಬರು ಮಕ್ಕಳ ಜೊತೆ ನ್ಯೂಜಿಲೆಂಡಿನ ಟಿಮರುವಿಗೆ ಬರುತ್ತಿದ್ದೇನೆ ಎಂದಿದ್ದೀಯ. ಅಲ್ಲಿ ಹತ್ತಿರ ಯಾವ ಹೊಳೆ ಇದೆ, ಯಾವ ಹೊಳೆ ಯಾವ ಪ್ರಾಂತಕ್ಕೆ ಸೇರುತ್ತದೆ, ಮಕ್ಕಳನ್ನು ನೀರಿಗೆ ಇಳಿಸಬಹುದಾ, ಗಣಪತಿ ಬಿಡಬಹುದಾ, ಅತ್ತೆ ಮಾವ ಬಂದಾಗ ಸ್ನಾನಕ್ಕೆ ಕರೆದುಕೊಂಡು ಹೋಗಬಹುದಾ ಎಂದು ಕೇಳಿದ್ದೀಯ. ಹೊಸದಾಗಿ ಬರುವವರೆಲ್ಲ ಬಾಡಿಗೆ, ಕಾರು, ಶಾಲೆ ಕೇಳುತ್ತಾರೆ. ನೀನು ಹೊಳೆ ಕೇಳಿದ್ದು ಕಂಡು ಮನಸ್ಸು ತುಂಬಿತು. ನಾನು ಬಂದ ಹೊಸತರಲ್ಲಿ ರಕಾಯಾ ಸೇತುವೆ ದಾಟುವಾಗ ಕಿಟಕಿಯಿಂದ ನೋಡಿದರೆ ಒಂದೂಮುಕ್ಕಾಲು ಕಿಲೋಮೀಟರ್ ಉದ್ದಕ್ಕೂ ಬರೀ ಬೂದು ಕಲ್ಲು, ನಡುವೆ ನಾಲ್ಕೈದು ನೀಲಿ ತೊರೆ. ಇಷ್ಟೇನಾ ಹೊಳೆ ಎನ್ನಿಸಿತ್ತು. ನಮ್ಮ ಕಡೆಯಿಂದ ಬಂದವರಿಗೆಲ್ಲ ಹಾಗೇ ಅನ್ನಿಸುತ್ತದೆ, ಮತ್ತು ಅಪಾಯ ಇರುವುದು ಅಲ್ಲೇ. ಅದಕ್ಕೇ ಉಳಿದದ್ದನ್ನು ಬೇಗ ಹೇಳಿ ಮುಗಿಸಿ, ಅದೊಂದನ್ನು ವಿವರವಾಗಿ ಹೇಳುತ್ತೇನೆ.

ಪ್ರಾಂತಗಳ ಆಡಳಿತ ಇಲ್ಲಿ 1876ಕ್ಕೇ ಹೋಯಿತು. ಜನರ ಬಾಯಲ್ಲಿ, ರಗ್ಬಿ ತಂಡಗಳಲ್ಲಿ, ರಜೆಗಳಲ್ಲಿ ಮಾತ್ರ ಹಳೆಯ ಗಡಿ ಉಳಿದಿದೆ. ಕ್ರೈಸ್ಟ್‌ಚರ್ಚಿನಲ್ಲಿ ಪ್ರಾಂತ ದಿನದ ರಜೆ ನವೆಂಬರಿನಲ್ಲಿ, ಟಿಮರುವಿನಲ್ಲಿ ಸೆಪ್ಟೆಂಬರಿನಲ್ಲಿ. ರೋಸ್ಟರ್ ಹಾಕಿಸಿಕೊಳ್ಳುವಾಗ ನೆನಪಿರಲಿ. ಈಗ ಇರುವುದು 16 ರೀಜನ್‌ಗಳು, ಅಂದರೆ ಒಂದೊಂದು ಕೌನ್ಸಿಲ್ ನೋಡಿಕೊಳ್ಳುವ ಭಾಗಗಳು. 1989ರಲ್ಲಿ ಇವುಗಳ ಗಡಿ ಹಾಕುವಾಗ ಬಹುಮಟ್ಟಿಗೆ ಹೊಳೆಗಳ ಜಲಾನಯನ ಪ್ರದೇಶ ನೋಡಿಕೊಂಡೇ ಹಾಕಿದರು. ಮಂಡ್ಯ ಜಿಲ್ಲೆಯವಳಿಗೆ ಇದರ ಬೆಲೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೆಚ್ಚಿನ ಹೊಳೆಗಳು ಹುಟ್ಟುವುದೂ ಸಮುದ್ರ ಸೇರುವುದೂ ಒಂದೇ ಕೌನ್ಸಿಲ್ಲಿನ ವ್ಯಾಪ್ತಿಯಲ್ಲಿ. ಜಗಳ ಇಲ್ಲವೆಂದಲ್ಲ. ಹಾಲಿನ ಫಾರ್ಮುಗಳ ನೀರಾವರಿ, ವಿದ್ಯುತ್ತು, ಮೀನು, ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಹಕ್ಕು ಇವುಗಳ ನಡುವೆ ಬೇಕಾದಷ್ಟಿದೆ. ಮೇಲಿನ ರಾಜ್ಯ, ಕೆಳಗಿನ ರಾಜ್ಯ ಎನ್ನುವ ಜಗಳ ಇಲ್ಲ ಅಷ್ಟೆ.

ನಿನ್ನ ಊರು ಟಿಮರು ಇರುವುದು ದಕ್ಷಿಣ ದ್ವೀಪದ ಕ್ಯಾಂಟರ್ಬರಿ ರೀಜನ್ನಿನ ದಕ್ಷಿಣ ಭಾಗದಲ್ಲಿ. ಉತ್ತರಕ್ಕೆ ರಂಗಿಟಾಟಾ, ಪಕ್ಕದಲ್ಲೇ ಒಪಿಹಿ, ದಕ್ಷಿಣಕ್ಕೆ ವೈಟಾಕಿ. ವೈಟಾಕಿ ಹಿಂದೆ ಕ್ಯಾಂಟರ್ಬರಿ ಮತ್ತು ಒಟಾಗೊ ಪ್ರಾಂತಗಳ ಗಡಿಯಾಗಿತ್ತು. ಜಲಾನಯನದ ಲೆಕ್ಕದಲ್ಲಿ ಗಡಿ ಹಾಕಿದ್ದರಿಂದ ಅದರ ದಕ್ಷಿಣಕ್ಕಿರುವ ಓಮರಾಮಾದಂಥ ಊರೂ ಈಗ ಕ್ಯಾಂಟರ್ಬರಿ ರೀಜನ್ನಿಗೆ ಸೇರುತ್ತದೆ. ಆದರೆ ವೈಟಾಕಿ ಡಿಸ್ಟ್ರಿಕ್ಟ್ ಎರಡು ರೀಜನ್ನುಗಳಲ್ಲಿ ಹಂಚಿಹೋಗಿದೆ. ಆ ಕಡೆ ಮನೆ ಹಿಡಿದರೆ ಹೊಳೆಯ ವಿಷಯಕ್ಕೆ ಒಂದು ಕಚೇರಿ, ಕಸ ಮತ್ತು ಕಂದಾಯಕ್ಕೆ ಇನ್ನೊಂದು ಎಂದು ಗೊಂದಲವಾಗುತ್ತದೆ. ಹೊಳೆ, ಪ್ರವಾಹ, ನೀರಿನ ಗುಣಮಟ್ಟ ರೀಜನಲ್ ಕೌನ್ಸಿಲ್ಲಿಗೆ ಸೇರಿದ್ದು.

ಉಳಿದ ದೊಡ್ಡ ಹೊಳೆಗಳು: ಉತ್ತರ ದ್ವೀಪದಲ್ಲಿ ವೈಕಾಟೊ, 425 ಕಿ.ಮೀ., ದೇಶದಲ್ಲೇ ಉದ್ದದ್ದು, ಟೌಪೊ ಸರೋವರದಿಂದ ಹೊರಟು ಹ್ಯಾಮಿಲ್ಟನ್ ನಡುವೆ ಹಾದು ಟಾಸ್ಮನ್ ಸಮುದ್ರ ಸೇರುತ್ತದೆ. ಆಕ್ಲೆಂಡಿನ ಕುಡಿಯುವ ನೀರಿನ ಒಂದು ಪಾಲು ಇದರದ್ದೇ. ಫಾಂಗನೂಯಿಗೆ 2017ರ ಕಾಯ್ದೆ ವ್ಯಕ್ತಿಯ ಕಾನೂನು ಸ್ಥಾನ ಕೊಟ್ಟಿದೆ. ಸರ್ಕಾರದ ಕಡೆಯಿಂದ ಒಬ್ಬರು, ಮಾವೊರಿ ಬುಡಕಟ್ಟುಗಳ ಕಡೆಯಿಂದ ಒಬ್ಬರು ಅದರ ಪರವಾಗಿ ಮಾತಾಡುತ್ತಾರೆ. ಕಾವೇರಿಯನ್ನು ತಾಯಿ ಎನ್ನುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ, ಅರ್ಥವಾದಾಗ ಹೆಮ್ಮೆಯೂ ಆಗುತ್ತದೆ. ದಕ್ಷಿಣದಲ್ಲಿ ಒಟಾಗೊದ ಕ್ಲೂಥಾ ಅತಿ ಹೆಚ್ಚು ನೀರು ಹರಿಸುವ ಹೊಳೆ. ಮಿಕ್ಕವನ್ನು ನಕ್ಷೆಯಲ್ಲಿ ನೋಡಿಕೋ.

ಇನ್ನು ಲೆಕ್ಕ. ಕೆಆರ್‌ಎಸ್ ಒಳಹರಿವನ್ನು ಕ್ಯುಸೆಕ್ಸ್‌ನಲ್ಲಿ ಓದಿ ಬೆಳೆದವಳು ನೀನು. ಇಲ್ಲಿ ಕ್ಯುಮೆಕ್ಸ್, ಅಂದರೆ ಸೆಕೆಂಡಿಗೆ ಒಂದು ಘನ ಮೀಟರ್, ಸಾವಿರ ಲೀಟರ್. 35ರಿಂದ ಗುಣಿಸಿದರೆ ಕ್ಯುಸೆಕ್ಸ್ ಬರುತ್ತದೆ. ರಂಗಿಟಾಟಾ ಮಾಮೂಲಿ ದಿನಗಳಲ್ಲಿ 100 ಕ್ಯುಮೆಕ್ಸ್‌ನ ಆಸುಪಾಸು, ನಮ್ಮ ಲೆಕ್ಕದಲ್ಲಿ 3,500 ಕ್ಯುಸೆಕ್ಸ್. 2019ರ ಡಿಸೆಂಬರಿನಲ್ಲಿ ಅದು 2,000 ಕ್ಯುಮೆಕ್ಸ್ ದಾಟಿತು, ಅಂದರೆ 70,000 ಕ್ಯುಸೆಕ್ಸ್. ಹಳೆಯ ದಕ್ಷಿಣ ಕವಲಿಗೆ ನುಗ್ಗಿ ಹೆದ್ದಾರಿ ಕಡಿದು, ದಕ್ಷಿಣ ದ್ವೀಪ ಎರಡು ತುಂಡಾಯಿತು. ಕ್ಯಾಂಟರ್ಬರಿ ಕೌನ್ಸಿಲ್ಲಿನ ಜಾಲತಾಣದಲ್ಲಿ ಪ್ರತಿ ಹೊಳೆಯ ಹರಿವಿನ ಗೆರೆ ಸಿಗುತ್ತದೆ. ಅಂಕಿಗಿಂತ ಗೆರೆಯ ದಿಕ್ಕು ಮುಖ್ಯ. ಮೇಲಕ್ಕೆ ಹೋಗುತ್ತಿದ್ದರೆ ಆ ದಿನ ಹೊಳೆಯ ಕಡೆ ಹೋಗಲೇಬೇಡ.

ಇಲ್ಲಿಂದ ನಿಧಾನವಾಗಿ ಓದು.

ನಮ್ಮಲ್ಲಿ ಮೋಡ ಕಟ್ಟಿದರೆ ಹೊಳೆ ಬರುತ್ತದೆ ಎಂದು ಮಕ್ಕಳಿಗೂ ಗೊತ್ತು. ಇಲ್ಲಿ ಅದು ತಿರುಗುಮುರುಗು. ವಾಯವ್ಯದಿಂದ ಬಿಸಿಗಾಳಿ ಬೀಸಿ ಟಿಮರುವಿನಲ್ಲಿ ಆಕಾಶ ನೀಲಿಯಾಗಿ, ಸೆಕೆಯಾಗಿ, ಹೊಳೆಗೆ ಹೋಗೋಣ ಎನ್ನಿಸುವ ದಿನವೇ ಇಲ್ಲಿನ ಸದರ್ನ್ ಆಲ್ಪ್ಸ್ ಬೆಟ್ಟಗಳ ಮೇಲೆ ಮಳೆ ಸುರಿಯುತ್ತಿರುತ್ತದೆ. ಟಾಸ್ಮನ್ ಸಮುದ್ರದಿಂದ ಬಂದ ತೇವದ ಗಾಳಿ ಬೆಟ್ಟಕ್ಕೆ ಬಡಿದು ಆ ಕಡೆ ಮಳೆ ಸುರಿಸಿ, ಈ ಕಡೆ ಒಣಗಾಳಿಯಾಗಿ ಇಳಿಯುತ್ತದೆ. ಬೆಟ್ಟದ ನೆತ್ತಿ ದಾಟಿ ಬಿದ್ದ ಮಳೆ ರಕಾಯಾ, ರಂಗಿಟಾಟಾಗಳ ತಲೆಗೆ ಸೇರಿ, ಗಂಟೆಗಳ ನಂತರ ಬಯಲಿಗೆ ಬರುತ್ತದೆ. ನಿನ್ನ ಮಕ್ಕಳು ಕಲ್ಲುದಿಬ್ಬದ ಮೇಲೆ ಆಡುತ್ತಿರುವಾಗ, ದಾಟಿ ಬಂದ ತೊರೆ ಹಿಂದಿನಿಂದ ಏರುತ್ತಿರುತ್ತದೆ. ಆಚೆ ಪಶ್ಚಿಮ ಕರಾವಳಿಯಲ್ಲಿ ಇನ್ನೂ ಬೇಗ. ಅಲ್ಲಿನ ಮಳೆ ನಮ್ಮ ಆಗುಂಬೆಯ ಮಳೆಯಂಥದ್ದು, ಹೊಳೆಗಳು ಗಿಡ್ಡ, ಇಳಿಜಾರು ಕಡಿದು. 2019ರ ಮಾರ್ಚಿನಲ್ಲಿ ಫ್ರಾಂಜ್ ಜೋಸೆಫ್ ಊರಿನ ಬಳಿ ವೈಹೊ ಹೊಳೆ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು.

ಎರಡನೆಯದು ವೇಗ. ನೀರಿನ ವೇಗ ಎರಡು ಪಟ್ಟಾದರೆ ಕಾಲಿಗೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಮೊಣಕಾಲಿನಷ್ಟೇ ಆಳದ ತೊರೆಯೂ ದೊಡ್ಡವರನ್ನು ಬೀಳಿಸುತ್ತದೆ. ತಳದಲ್ಲಿ ಮರಳಿಲ್ಲ, ಉರುಳುವ ಕಲ್ಲು. ದಡವೂ ಜಲ್ಲಿಕಲ್ಲಿನದ್ದೇ, ನೀರು ಅದರ ಅಡಿ ಕೊರೆದಿರುತ್ತದೆ. ಮೊದಲ ಹೆಜ್ಜೆಗೆ ಪಾದ ಮುಳುಗಿ, ಎರಡನೆಯದಕ್ಕೆ ಸೊಂಟದವರೆಗೆ ಕುಸಿದ ಜಾಗಗಳು ಎಷ್ಟೋ. ವಸಾಹತು ಕಾಲದಲ್ಲಿ ಹೊಳೆ ದಾಟುತ್ತ ಸತ್ತವರು ಎಷ್ಟಿದ್ದರೆಂದರೆ, ಮುಳುಗಿ ಸಾಯುವುದನ್ನೇ ‘ನ್ಯೂಜಿಲೆಂಡ್ ಸಾವು’ ಎಂದು ಕರೆಯುತ್ತಿದ್ದರು.

ಮೂರನೆಯದು ತಣ್ಣಗಿನ ನೀರು. ವಸಂತ ಮತ್ತು ಬೇಸಿಗೆಯ ಆರಂಭ, ಅಂದರೆ ಅಕ್ಟೋಬರಿನಿಂದ ಡಿಸೆಂಬರ್, ಹಿಮ ಕರಗಿ ದೊಡ್ಡ ಹೊಳೆಗಳು ತುಂಬಿರುವ ಕಾಲ. ನಮ್ಮ ತುಲಾ ಸಂಕ್ರಮಣ ಬರುವುದೂ ಆಗಲೇ. ಆ ನೀರಿಗೆ ತಟ್ಟನೆ ಧುಮುಕಿದರೆ ಉಸಿರು ತನ್ನಷ್ಟಕ್ಕೆ ಏರುತ್ತದೆ, ತಲೆ ಒಳಗಿದ್ದರೆ ನೀರು ಎಳೆದುಕೊಳ್ಳುತ್ತೇವೆ. ಬಿದ್ದವರು ಮೊದಲ ಒಂದೆರಡು ನಿಮಿಷ ಈಜಲು ಒದ್ದಾಡಬಾರದು, ಬೆನ್ನ ಮೇಲೆ ತೇಲಿ ಉಸಿರು ಹಿಡಿತಕ್ಕೆ ಬರುವವರೆಗೆ ಕಾಯಬೇಕು.

ಬೆಟ್ಟಕ್ಕೆ ನಡೆಯಲು ಹೋದಾಗ ಹೊಳೆ ದಾಟುವ ಪ್ರಸಂಗ ಬಂದೇ ಬರುತ್ತದೆ. ನೀರು ಕದಡಿದ್ದರೆ, ಮರದ ಕೊಂಬೆ ತೇಲುತ್ತಿದ್ದರೆ, ತಳದಲ್ಲಿ ಕಲ್ಲು ಉರುಳುವ ಗುಡುಗುಡು ಕೇಳಿದರೆ ದಾಟಬೇಡ. ಒಂದು ಕಡ್ಡಿ ಎಸೆದು ಅದರ ಜೊತೆ ದಡದಲ್ಲಿ ನಡೆ. ಕಡ್ಡಿ ನಿನ್ನನ್ನು ಹಿಂದೆ ಹಾಕಿದರೆ ದಾಟಬೇಡ. ಕೆಳಗಡೆ ಬಿದ್ದ ಮರ, ಬಂಡೆಯ ಸಂದು, ಜೋರು ಇಳಿಜಾರು ಇದ್ದರೂ ದಾಟಬೇಡ, ಏಕೆಂದರೆ ಜಾರಿದವರು ಹೋಗಿ ಸಿಕ್ಕಿಕೊಳ್ಳುವುದು ಅಲ್ಲಿಗೇ. ಎಲ್ಲ ಸರಿಯಿದ್ದರೆ ಬೂಟು ಬಿಚ್ಚದೆ ಇಳಿಯಬೇಕು. ಜೀನ್ಸ್, ಚೂಡಿದಾರ, ಪಂಚೆ ನೀರನ್ನು ಹಿಡಿದು ಎಳೆಯುತ್ತವೆ, ಚಡ್ಡಿ ಅಥವಾ ಮೈಗಂಟುವ ಲೆಗ್ಗಿಂಗ್ಸ್ ಇರಲಿ. ಬ್ಯಾಗಿನ ಎದೆಪಟ್ಟಿ ಬಿಚ್ಚಿ, ಭುಜದ ಪಟ್ಟಿ ಸಡಿಲಿಸಿ, ಸೊಂಟದ ಪಟ್ಟಿ ಹಾಕಿಯೇ ಇರಬೇಕು. ಬಿದ್ದರೆ ಬ್ಯಾಗೇ ತೇಲಿಸುತ್ತದೆ. ಕೈ ಕೈ ಹಿಡಿದುಕೊಂಡರೆ ಸಾಲದು, ಒಬ್ಬರ ತೋಳು ಪಕ್ಕದವರ ಬೆನ್ನು ಮತ್ತು ಬ್ಯಾಗಿನ ನಡುವೆ ತೂರಿ ಅವರ ಪಟ್ಟಿಯನ್ನು ಹಿಡಿಯಬೇಕು. ಹೆಚ್ಚು ಶಕ್ತಿಯಿರುವವರು ನೀರು ಬರುವ ಕಡೆಯ ತುದಿಯಲ್ಲಿ, ಸಾಲು ಹರಿವಿಗೆ ಸಮಾನಾಂತರವಾಗಿ, ಮುಖ ಆಚೆ ದಡಕ್ಕೆ, ನಡಿಗೆ ಸ್ವಲ್ಪ ಕೆಳಮುಖವಾಗಿ ಓರೆಗೆ. ಜಾರಿದರೆ ಬೆನ್ನ ಮೇಲೆ ಮಲಗಿ, ಕಾಲು ಮುಂದೆ, ಕೈಯಿಂದ ದಡಕ್ಕೆ ತಳ್ಳಿಕೊಳ್ಳುತ್ತ ಹೋಗಬೇಕು. ಹರಿವಿನ ನಡುವೆ ಎದ್ದು ನಿಲ್ಲಲು ಹೋದರೆ ಪಾದ ಕಲ್ಲಿನ ಸಂದಿಯಲ್ಲಿ ಸಿಕ್ಕಿ ಮುಖ ನೀರಿಗೆ ಒತ್ತುತ್ತದೆ. ಬರೀ ಓದಿ ಇದು ಬರುವುದಿಲ್ಲ. ಮೌಂಟನ್ ಸೇಫ್ಟಿ ಕೌನ್ಸಿಲ್ಲಿನ ವಿಡಿಯೊ ನೋಡಿ, ಅನುಭವ ಇರುವವರ ಜೊತೆ ಸಣ್ಣ ತೊರೆಯಲ್ಲಿ ಅಭ್ಯಾಸ ಮಾಡು.

ಇಷ್ಟು ವರ್ಷವಾದರೂ ಆರದ ಕೊರಗು ನನ್ನದು ಒಂದೇ. ನಮ್ಮ ಕನ್ನಡದ ಮನೆಗಳಲ್ಲಿ ಮಕ್ಕಳಿಗೆ ಶ್ಲೋಕ, ಹಾಡು, ಭರತನಾಟ್ಯ ಎಲ್ಲ ಕಲಿಸಿದೆವು. ಮಕ್ಕಳು ಶಾಲೆಯ ಪುಣ್ಯದಿಂದ ಈಜನ್ನೂ ಒಂದಿಷ್ಟು ಕಲಿತರು. ದೊಡ್ಡವರು ಕಲಿಯಲಿಲ್ಲ. ಈ ವಯಸ್ಸಿನಲ್ಲಿ ಈಜುಡುಗೆ ಹಾಕಿಕೊಂಡು ಕೊಳಕ್ಕೆ ಇಳಿಯುವುದಾ ಎಂಬ ಸಂಕೋಚ, ಹೆಂಗಸರಿಗಂತೂ ಹೆಚ್ಚು. ಪ್ರತಿ ಬೇಸಿಗೆ ಹೊಸದಾಗಿ ಬಂದ ನಮ್ಮ ದೇಶದ ಹುಡುಗರು ಮುಳುಗಿದ ಸುದ್ದಿ ಓದುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಊರಲ್ಲಿ ಅವರ ತಾಯಂದಿರು ಯಾವ ಹೊಳೆ, ಎಲ್ಲಿ, ಎಷ್ಟು ಆಳ ಎಂದೂ ತಿಳಿಯದೆ ಅಳುತ್ತಿರುತ್ತಾರೆ. ಬಂದ ಮೊದಲ ತಿಂಗಳಲ್ಲೇ ನೀನೂ ನಿನ್ನ ಗಂಡನೂ ಊರಿನ ಈಜುಕೊಳದಲ್ಲಿ ದೊಡ್ಡವರ ತರಗತಿಗೆ ಸೇರಿ. ಮೈ ಮುಚ್ಚುವ ಈಜುಡುಗೆ ಸಿಗುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಕೊಳದಲ್ಲಿ ಈಜಲು ಬಂದರೂ ರಂಗಿಟಾಟಾ, ವೈಟಾಕಿಗೆ ಇಳಿಯಬೇಡ. ಅವುಗಳ ಸಮುದ್ರದ ಬಾಯಿ ಇನ್ನೂ ಕೆಟ್ಟದ್ದು. ಕಲ್ಲಿನ ದಂಡೆ ಕಡಿದಾಗಿ ಇಳಿಯುತ್ತದೆ, ಅಲೆ ಮತ್ತು ಹೊಳೆ ಎರಡೂ ಒಳಗೆ ಎಳೆಯುತ್ತವೆ.

ಮಕ್ಕಳನ್ನು ಇಳಿಸಲು ಒಪಿಹಿಯಂಥ ಸಣ್ಣ ಹೊಳೆಯ ನಿಧಾನ ಮಡುಗಳಿವೆ. ಹೋಗುವ ಮುಂಚೆ ಲಾವಾ ಎಂಬ ಜಾಲತಾಣದಲ್ಲಿ ಆ ಜಾಗದ ನೀರು ಈಜಲು ಯೋಗ್ಯವೇ ನೋಡು. ಜೋರು ಮಳೆಯಾದರೆ ಎರಡು ಮೂರು ದಿನ ಬಿಡು, ಹುಲ್ಲುಗಾವಲಿನ ಸಗಣಿಯೆಲ್ಲ ಅದರಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಹರಿವು ಇಳಿದಾಗ ಕಲ್ಲಿನ ಮೇಲೆ ಕಂದು ಅಥವಾ ಕಪ್ಪು ಬಣ್ಣದ ದಪ್ಪ ಪಾಚಿ ಚಾಪೆ ಕಟ್ಟುತ್ತದೆ, ಮಣ್ಣಿನ ಮುಗ್ಗಲು ವಾಸನೆ ಬರುತ್ತದೆ. ಅದು ವಿಷ. ಕಿತ್ತು ದಡಕ್ಕೆ ಬಂದ ಚೂರನ್ನು ತಿಂದು ನಾಯಿಗಳು ಸಾಯುತ್ತವೆ. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಗುವನ್ನು ಅಲ್ಲಿ ಕೆಳಗೆ ಬಿಡಬೇಡ.

ಗಣಪತಿಯನ್ನು ಹೊಳೆಗೆ ಬಿಡಬೇಡ. ಮಣ್ಣು ತರಲು ಗಡಿಯಲ್ಲಿ ತಡೆ ಇರುವುದರಿಂದ ಊರಿನಿಂದ ಮೂರ್ತಿಯನ್ನೂ ತರಬೇಡ. ಇಲ್ಲಿ ಕುಂಬಾರಿಕೆ ಮಣ್ಣು ಸಿಗುತ್ತದೆ, ಎರಡು ಕಿಲೋದಲ್ಲಿ ಗೇಣುದ್ದದ ಗಣಪ ಆಗುತ್ತಾನೆ. ಸುಡಬೇಡ, ಬಣ್ಣ ಬೇಡ, ಅರಿಸಿನ ಕುಂಕುಮ ಸಾಕು. ಬಿಡುವ ಮುಂಚೆ ಪೂರ್ತಿ ಒಣಗಿರಬೇಕು. ಹಸಿಯಿದ್ದರೆ ಮಣ್ಣು ಉಂಡೆಯಾಗಿಯೇ ಕೂರುತ್ತದೆ, ಒಣಗಿದ್ದರೆ ಬಕೆಟ್ಟಿನ ನೀರಲ್ಲಿ ಪುಡಿಪುಡಿಯಾಗಿ ಕರಗುತ್ತದೆ. ಆ ನೀರನ್ನು ಹೂವಿನ ಗಿಡಕ್ಕೆ ಹಾಕು. ಸೆಪ್ಟೆಂಬರಿನ ಚಳಿಯಲ್ಲಿ ಮಕ್ಕಳಿಗೂ ಅದೇ ಸುಖ.

ಅತ್ತೆ ಮಾವನಿಗೆ ಸ್ನಾನಘಟ್ಟ ಇಲ್ಲಿಲ್ಲ. ದಡದಲ್ಲಿ ಕೂತು ತಂಬಿಗೆಯಲ್ಲಿ ತಲೆಗೆ ನೀರು ಪ್ರೋಕ್ಷಿಸಿಕೊಳ್ಳಲಿ, ಸಾಬೂನು, ಹೂವು, ತೆಂಗಿನಕಾಯಿ, ನಾಣ್ಯ ನೀರಿಗೆ ಬೇಡ. ಅಸ್ಥಿಯ ಮಾತನ್ನೂ ಈಗಲೇ ಹೇಳಿಬಿಡುತ್ತೇನೆ, ಬೇಕಾದಾಗ ಕೇಳುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಆಹಾರ ಹಿಡಿಯುವ ನೀರಿಗೆ ಮನುಷ್ಯರ ಬೂದಿ ಸೇರುವುದು ಮಾವೊರಿ ಸಂಪ್ರದಾಯಕ್ಕೆ ತುಂಬ ನೋವಿನ ಸಂಗತಿ. ಹಾಗಾಗಿ ನಾವಾಗಿ ಹೋಗಿ ಬಿಡುವಂತಿಲ್ಲ. ಅಂತ್ಯಕ್ರಿಯೆ ನಡೆಸುವವರ ಮೂಲಕ ಕೌನ್ಸಿಲ್ಲನ್ನೂ ಆ ಭಾಗದ ಬುಡಕಟ್ಟನ್ನೂ ಕೇಳಬೇಕು. ಎಷ್ಟೋ ಮನೆಯವರು ದಹನದ ಪ್ರಮಾಣಪತ್ರ ಜೊತೆಗಿಟ್ಟುಕೊಂಡು ನಿಮ್ಮೂರ ಪಶ್ಚಿಮವಾಹಿನಿಗೇ ಒಯ್ಯುತ್ತಾರೆ.

ಇನ್ನುಳಿದದ್ದು ಚುಟುಕಾಗಿ. ಟ್ರೌಟ್ ಮೀನು ಹಿಡಿಯಲು ಫಿಶ್ ಅಂಡ್ ಗೇಮ್ ಲೈಸೆನ್ಸ್ ಬೇಕು, ಹಿಡಿದದ್ದನ್ನು ಮಾರುವಂತಿಲ್ಲ. ಸೆಪ್ಟೆಂಬರಿನಿಂದ ಜನವರಿಯವರೆಗೆ ಕಲ್ಲುದಿಬ್ಬಗಳ ಮೇಲೆ ಹಕ್ಕಿಗಳು ಮೊಟ್ಟೆ ಇಡುತ್ತವೆ, ಮೊಟ್ಟೆ ಕಲ್ಲಿನ ಬಣ್ಣದ್ದೇ, ಕಾರು ಅಲ್ಲಿಗೆ ಇಳಿಸಬೇಡಿ. ಒಂದು ಹೊಳೆಯಲ್ಲಿ ನೆನೆದ ಚಪ್ಪಲಿ, ಬಟ್ಟೆ, ಬಲೆಯನ್ನು ಇನ್ನೊಂದಕ್ಕೆ ಒಯ್ಯುವ ಮುಂಚೆ ತೊಳೆದು, ಒಳಗೂ ಹೊರಗೂ ಒಣಗಿದ ಮೇಲೆ ಮತ್ತೆ 48 ಗಂಟೆ ಇಡಬೇಕು. 2004ರಲ್ಲಿ ಸೌತ್‌ಲ್ಯಾಂಡಿನಲ್ಲಿ ಕಂಡ ಡಿಡಿಮೊ ಪಾಚಿ ದಕ್ಷಿಣ ದ್ವೀಪದ ಎಷ್ಟೋ ಹೊಳೆಗಳಿಗೆ ಹರಡಿದ್ದು ಹೀಗೆ ಒದ್ದೆ ಸಾಮಾನಿನಿಂದಲೇ. ಮನೆ ಕೊಳ್ಳುವ ದಿನ ಬಂದಾಗ ಡಿಸ್ಟ್ರಿಕ್ಟ್ ಕೌನ್ಸಿಲ್ಲಿನಿಂದ ಲಿಮ್ ವರದಿ, ಅಂದರೆ ಆ ಜಾಗದ ಬಗ್ಗೆ ಅವರ ಬಳಿಯಿರುವ ಮಾಹಿತಿ, ತರಿಸಿ ಪ್ರವಾಹದ ಪುಟ ಓದು, ಸಹಿ ಹಾಕುವ ಮುಂಚೆಯೇ ವಿಮೆಯವರನ್ನೂ ಕೇಳು. ಈಜು ತರಗತಿಗೆ ಹೆಸರು ಕೊಟ್ಟ ಮೇಲೆ ನನಗೆ ಒಂದು ಸಾಲು ಬರೆ.